ಅಡಿಕೆ ಮಾರಲು ಹುಟ್ಟಿದ ಸಂಸ್ಥೆ ಚಾಕೊಲೇಟು ಮಾಡಿದ ಕಥೆ



ನಮ್ಮ ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಶುಭ ಸಂದರ್ಭದಲ್ಲಿ ನಮ್ಮ ಜಿಲ್ಲೆಯದೇ ಆದ ಕ್ಯಾಂಪ್ಕೊ ಸಂಸ್ಥೆಯ ಚರಿತ್ರೆಯನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ. ಕಾಲ ಬದಲಾದಾಗ ಒಂದು ಸಹಕಾರಿ ಸಂಸ್ಥೆ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಅದಕ್ಕಿಂತ ಹತ್ತಿರದ ಉದಾಹರಣೆ ಬೇರೆ ಇಲ್ಲ.

1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ನೆಲಕಚ್ಚಿತು. ವ್ಯಾಪಾರಿ ಹೇಳಿದ್ದೇ ದರ ಎಂಬಂತಾಯಿತು. ಆಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಸೇರಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಕೆಲಸ ಒಂದೇ, ಅಡಿಕೆ ಕೊಳ್ಳುವುದು, ಮಾರುವುದು.

ಅದೇ ಕಾಲಕ್ಕೆ ಅಡಿಕೆ ತೋಟದ ನೆರಳಿಗೆ ಕೊಕ್ಕೊ ಗಿಡ ಬಂದಿತ್ತು. ಕಂಪನಿಯವರು ಕೊಳ್ಳುತ್ತಾರೆ ಎಂಬ ಧೈರ್ಯದಲ್ಲಿ ನಮ್ಮ ಹಿರಿಯರು ನೆಟ್ಟರು. ಆದರೆ 1980ರ ಹೊತ್ತಿಗೆ ಹೊರದೇಶದ ಮಾರುಕಟ್ಟೆಯಲ್ಲಿ ದರ ಬಿತ್ತು, ಖಾಸಗಿ ಖರೀದಿ ಹಿಂದೆ ಸರಿಯಿತು. ಅಡಿಕೆಯಾದರೆ ಒಣಗಿಸಿ ಅಟ್ಟದಲ್ಲಿಟ್ಟು ಕಾಯಬಹುದು. ಕೊಕ್ಕೊ ಕಾಯುವುದಿಲ್ಲ. ಕಾಯಿ ಒಡೆದ ಮೇಲೆ ಹಸಿ ಬೀಜವನ್ನು ಐದಾರು ದಿನ ಹುಳಿಯಲು ಬಿಟ್ಟು ಒಣಗಿಸಬೇಕು. ಕೊಳ್ಳುವವರಿಲ್ಲದಿದ್ದರೆ ತೋಟದಲ್ಲೇ ಕೊಳೆಯುತ್ತದೆ. ಎಷ್ಟೋ ಮಂದಿ ಬೇಸತ್ತು ಗಿಡವನ್ನೇ ಕಡಿದರು.

"ನಾವು ಅಡಿಕೆಯವರು, ಇದು ನಮ್ಮ ಕೆಲಸವಲ್ಲ" ಎಂದು ಕ್ಯಾಂಪ್ಕೊ ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹಾಗೆ ಹೇಳಲಿಲ್ಲ. ಸರಕಾರಗಳ ಕೋರಿಕೆಯಂತೆ ಕೊಕ್ಕೊ ಖರೀದಿಗೆ ಇಳಿಯಿತು. ಬರೀ ಬೀಜ ಮಾರಿದರೆ ಮತ್ತೆ ಹೊರಗಿನ ದರಕ್ಕೇ ಕೈಯೊಡ್ಡಬೇಕು ಎಂದು ಕಂಡುಕೊಂಡು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ತೆರೆಯಿತು. ಅಂದಿನ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅವರು ಉದ್ಘಾಟಿಸಿದರು. ಮುಂದೆ ಕಾಳುಮೆಣಸು, ರಬ್ಬರ್ ಖರೀದಿಯೂ ಸೇರಿಕೊಂಡಿತು. ಕೆಲಸ ಬದಲಾಯಿತು, ಆದರೆ ಸಂಸ್ಥೆ ಯಾರಿಗಾಗಿ ಎಂಬುದು ಬದಲಾಗಲಿಲ್ಲ.

ನಮ್ಮ ವಿಷಯಕ್ಕೆ ಬರೋಣ. ನಮ್ಮ ಸಂಘ ಹುಟ್ಟಿದ್ದು ಗೊಬ್ಬರಕ್ಕೆ, ಬೆಳೆಸಾಲಕ್ಕೆ. ಕೆಲವು ವರ್ಷದ ಹಿಂದೆ ಮಹಾಸಭೆಯಲ್ಲಿ ಒಬ್ಬ ಸದಸ್ಯರು ಎದ್ದುನಿಂತು ಕಾಳುಮೆಣಸು ಖರೀದಿ ಯಾಕೆ ಮಾಡಬಾರದು ಎಂದು ಕೇಳಿದರು. ಬೈಲಾದಲ್ಲಿ ಇಲ್ಲ ಎಂದು ಕೂರಿಸಿದೆವು. ಹಾಗೆ ಕೂರಿಸಿದವರಲ್ಲಿ ನಾನೂ ಒಬ್ಬ. ಬೈಲಾ ಬರೆದವರು ನಾವೇ, ತಿದ್ದುವವರೂ ನಾವೇ ಎಂಬುದು ಅಂದು ಹೊಳೆಯಲಿಲ್ಲ.

ಬರುವ ಮಹಾಸಭೆಯಲ್ಲಿ ಆ ಸದಸ್ಯರು ಮತ್ತೊಮ್ಮೆ ಎದ್ದುನಿಂತು ಕೇಳಲಿ ಎಂದು ವಿನಂತಿ. ಈ ಸಲ ಮೊದಲು ಕೈ ಎತ್ತುವವನು ನಾನು.