ಹಾಸಿಗೆಯ ಬದಿಯಲ್ಲಿ ಕಲಿಯುವ ವಿದ್ಯೆ

ಬಾದಾಮಿ, ಹುನಗುಂದ, ಇಳಕಲ್ಲಿನ ಜನರಿಗೆ ದೊಡ್ಡ ಕಾಯಿಲೆ ಎಂದರೆ ದೂರದ ಪ್ರಯಾಣವೆಂದೇ ಅರ್ಥವಾಗಿದ್ದ ಕಾಲವೊಂದಿತ್ತು. ಹುಬ್ಬಳ್ಳಿಯಲ್ಲಿ 1957ರಲ್ಲಿ, ಬೆಳಗಾವಿಯಲ್ಲಿ 1963ರಲ್ಲಿ ವೈದ್ಯಕೀಯ ಕಾಲೇಜುಗಳು ಆರಂಭವಾದವು. ತಜ್ಞ ವೈದ್ಯರು ತಯಾರಾಗುತ್ತಿದ್ದುದು ಅಂಥ ಊರುಗಳಲ್ಲಿ. ಬಾಗಲಕೋಟೆ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. 1906ರಲ್ಲಿ ಹುಟ್ಟಿದ ಬಸವೇಶ್ವರ ವಿದ್ಯಾವರ್ಧಕ ಸಂಘ 2002ರಲ್ಲಿ ಇಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜನ್ನು ತೆರೆಯಿತು. ಅದರ ಆಸ್ಪತ್ರೆಗೆ ಇಟ್ಟದ್ದು, ಬಾದಾಮಿಯ ಬಳಿ 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಸ್ವಾಮಿಗಳ ಹೆಸರು. ಮುಂದೆ ಸ್ನಾತಕೋತ್ತರ ಶಿಕ್ಷಣವೂ ಬಂದು, ತಜ್ಞರು ಈ ಸೀಮೆಯಲ್ಲೇ ತಯಾರಾಗತೊಡಗಿದರು.

ಈ ತರಬೇತಿಯ ಪದ್ಧತಿಗೆ ಇನ್ನೂ ಹಳೆಯ ಚರಿತ್ರೆ ಉಂಟು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆದದ್ದು 1889ರಲ್ಲಿ. ಅಲ್ಲಿ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಒಂದು ಕ್ರಮವನ್ನು ರೂಪಿಸಿದ. ಕಲಿಯುವವನು ಆಸ್ಪತ್ರೆಯಲ್ಲೇ ವಾಸಿಸಬೇಕು. ಅವನ ಹೊಣೆ ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚಬೇಕು. ‘ರೆಸಿಡೆಂಟ್’ ಎಂಬ ಮಾತಿನ ಅರ್ಥವೇ ಅಲ್ಲಿ ನೆಲೆಸಿದವನು ಎಂದು. ನಮ್ಮ ಗುರುಕುಲವನ್ನು ನೆನಪಿಸುವ ಕ್ರಮವಿದು. ಆದರೆ ಆಸ್ಪತ್ರೆಗಳು ಬೆಳೆದಂತೆ ವಾಸ ಹೋಗಿ ದುಡಿಮೆಯೇ ಉಳಿಯಿತು.

ಕಿರಿಯ ವೈದ್ಯರ ಸತತ ಕೆಲಸ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದೆಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿತ್ತು. ಕಾಗದದ ಮಾತು ವಾರ್ಡಿನವರೆಗೆ ತಲುಪಲಿಲ್ಲ. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆಗಳ ಮಿತಿಯನ್ನೂ ಒಂದು ದಿನದ ರಜೆಯನ್ನೂ ಶಿಫಾರಸು ಮಾಡಬೇಕಾಯಿತು.

ಹಾಗೆಂದು ಕಲಿಯುವವರ ತೃಪ್ತಿ ಬರಿಯ ಬಿಡುವಿನಿಂದ ಬರುವುದಲ್ಲ. ರೋಗಿಗಳು ವಿರಳವಾದ ಕಡೆ ಬಿಡುವಿದ್ದೀತು, ಕೈ ಪಳಗದು. ರೋಗಿಗಳು ಕಿಕ್ಕಿರಿದ ಕಡೆ ಕೈ ಪಳಗೀತು, ತಪ್ಪು ತಿದ್ದುವ ಗುರುವಿಗೇ ಪುರುಸೊತ್ತಿರದು. ಪಕ್ಕದಲ್ಲಿ ನಿಂತು ಹೇಳಿಕೊಡುವವರು ಇರಬೇಕು. ಹೊತ್ತು ಬಂದಾಗ ನಂಬಿ ಕೆಲಸ ಒಪ್ಪಿಸಲೂ ಬೇಕು.

ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ದುಡಿಯಬೇಕೆಂಬ ನಿಯಮ 2020ರಲ್ಲಿ ಬಂದಿತು. ಕುಣಿಮಗ್ಗದಲ್ಲಿ ಕುಳಿತು ಬೆನ್ನು ನೋಯಿಸಿಕೊಂಡ ಇಳಕಲ್ಲಿನ ನೇಕಾರ, ಕಲ್ಲಿನ ಧೂಳು ಕುಡಿದ ಕೂಲಿಕಾರ ಪುಸ್ತಕದಲ್ಲಿ ಸಿಗುವವರಲ್ಲ. ಅವರ ಕಾಯಿಲೆಯ ಜೊತೆಗೆ ಕಸುಬನ್ನೂ ವಿಚಾರಿಸುವುದು ಇಂಥಲ್ಲೇ ಕಲಿಯಬೇಕಾದ ಪಾಠ.

ತಜ್ಞತೆಯ ಆ ಮೂರು ವರ್ಷ ಹೇಗೆ ಕಳೆಯಿತು ಎಂಬುದು ವಿದ್ಯಾರ್ಥಿಯೊಬ್ಬನ ಖಾಸಗಿ ಸಂಗತಿಯಲ್ಲ. ನಿದ್ದೆಗೆಟ್ಟ ವೈದ್ಯನ ತಪ್ಪಿಗೆ ಬೆಲೆ ತೆರುವವನು ರೋಗಿ. ಬೇಸತ್ತು ಊರು ಬಿಟ್ಟರೆ, ಹುನಗುಂದದ ರೋಗಿಗೆ ಮತ್ತೆ ಅದೇ ದೂರದ ಪ್ರಯಾಣ.