ಮಠದ ಬಾಗಿಲು ತೆರೆದಿದೆ, ಮತಪೆಟ್ಟಿಗೆ ಮುಚ್ಚಿದೆ



ನಮ್ಮ ಭಾಷೆಯಲ್ಲಿ 'ಮತ' ಅಂದರೆ ಓಟು. 'ಮತ' ಅಂದರೆ ಧರ್ಮವೂ ಹೌದು. ಕರ್ನಾಟಕದ ಕಾಲೇಜುಗಳ ಚರಿತ್ರೆಯಲ್ಲಿ ಸರ್ಕಾರ ಇವೆರಡರಲ್ಲಿ ಒಂದನ್ನು ಗಲಾಟೆಯ ಮೂಲ ಅಂತ ಹೊರಗೆ ಹಾಕಿತು, ಇನ್ನೊಂದಕ್ಕೆ ಮಣೆ ಹಾಕಿ ಕೂರಿಸಿತು. ಹೊರಗೆ ಹೋದದ್ದು ಓಟು, ಒಳಗೆ ಉಳಿದದ್ದು ಧರ್ಮ. ಇದು ಹೇಗಾಯಿತು, ಇದರಿಂದ ಕಳಕೊಂಡವರು ಯಾರು ಅನ್ನೋದನ್ನು ನಾವು ಮೊದಲಿನಿಂದ ನೋಡಬೇಕಾಗಿದೆ.

ಹಾಸ್ಟೆಲಿನಿಂದಲೇ ಶುರು ಮಾಡೋಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕಚೇರಿಗಳ ತುಂಬ ಬ್ರಾಹ್ಮಣರೇ ಇದ್ದರು. ಇದನ್ನು ಕಂಡ ಲಿಂಗಾಯತರು 1905ರಲ್ಲಿ, ಒಕ್ಕಲಿಗರು 1906ರಲ್ಲಿ ತಮ್ಮ ತಮ್ಮ ಸಂಘಗಳನ್ನು ಕಟ್ಟಿದರು. ಹಳ್ಳಿಯ ಹುಡುಗ ಪೇಟೆಗೆ ಓದಲು ಬಂದರೆ ಉಣ್ಣಲು ಅನ್ನ, ಮಲಗಲು ಜಾಗ ಬೇಕಲ್ಲ? ಜಾತಿಗೊಂದು ಹಾಸ್ಟೆಲು, ಮಠಕ್ಕೊಂದು ಪ್ರಸಾದ ನಿಲಯ ಎದ್ದವು. 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕು ಅಂತ ಅದು 1919ರಲ್ಲಿ ಹೇಳಿತು. ಇದು ನ್ಯಾಯದ ಮಾತೇ. ಮಠಗಳು ಹಾಕಿದ ಅನ್ನವನ್ನೂ ನಾವು ಅಲ್ಲಗಳೆಯುವುದಿಲ್ಲ. ಸಿದ್ಧಗಂಗೆಯ ಪಂಕ್ತಿಯಲ್ಲಿ ಎಲ್ಲ ಜಾತಿಯ ಮಕ್ಕಳೂ ಕೂತು ಉಂಡಿದ್ದಾರೆ.

ಆದರೆ ಕೇರಿಯ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದದ್ದು ಯಾವ ಮಠವೂ ಅಲ್ಲ. 1915ರಲ್ಲಿ ಮೈಸೂರು ಸರ್ಕಾರ ಹೊರಡಿಸಿದ ಆಜ್ಞೆಯಿಂದ ಪಂಚಮರ ಮಕ್ಕಳಿಗೆ ಸರ್ಕಾರಿ ಶಾಲೆಯೊಳಗೆ ಕಾಲಿಡುವ ಹಕ್ಕು ಬಂತು. ಬೇರೆಯವರಿಗೆ ಬೆನ್ನಿಗೆ ಮಠವಿತ್ತು, ಜಮೀನಿತ್ತು, ಸಂಘವಿತ್ತು. ನಮಗೆ ಇದ್ದದ್ದು ಕಾನೂನು ಒಂದೇ. ಆದ್ದರಿಂದ ಸರ್ಕಾರ ಧರ್ಮದ ಕಡೆಗೆ ವಾಲಿದಾಗಲೆಲ್ಲ ಮೊದಲು ಕುಸಿಯೋದು ನಮ್ಮ ಕಾಲ ಕೆಳಗಿನ ನೆಲ.

ವಿದ್ಯಾರ್ಥಿಗಳ ಸಿಟ್ಟನ್ನು ದೇವರ ಹೆಸರಿನಲ್ಲಿ ಬೀದಿಗೆ ತರಬಹುದು ಅನ್ನೋದು 1928ರಲ್ಲೇ ಗೊತ್ತಾಯಿತು. ಬೆಂಗಳೂರಿನ ಸುಲ್ತಾನ್‌ಪೇಟೆಯ ಸರ್ಕಾರಿ ಶಾಲೆಯ ಆವರಣದಲ್ಲಿ ಒಂದು ಗಣಪತಿ ಮೂರ್ತಿ ಇತ್ತು. ಅದರ ವಿಚಾರವಾಗಿ ಎದ್ದ ತಕರಾರು ಬೀದಿಯ ಗಲಭೆಯಾಯಿತು. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ದಿವಾನರು ಮುಸ್ಲಿಮರು ಅನ್ನೋ ಮಾತು ಜಗಳದ ಕಾವು ಏರಿಸಿತು. ಕೊನೆಗೆ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯೇ ಕೂರಬೇಕಾಯಿತು. ಶಾಲೆಯಲ್ಲಿ ಪುಸ್ತಕ ಸಾಕಷ್ಟಿದೆಯೇ, ಮೇಷ್ಟ್ರು ಇದ್ದಾರೆಯೇ ಅಂತ ಕೇಳಲು ಬೀದಿ ತುಂಬಲಿಲ್ಲ. ಮೂರ್ತಿ ಎಲ್ಲಿರಬೇಕು ಅಂತ ಕೇಳಲು ತುಂಬಿತು.

ಇನ್ನು 1973ಕ್ಕೆ ಬರೋಣ. ಬಿ. ಬಸವಲಿಂಗಪ್ಪನವರು ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದರು. ತಲೆಯ ಮೇಲೆ ಮಲ ಹೊರುವ ಪದ್ಧತಿ ನಿಲ್ಲಬೇಕು ಅಂತ ಹಟ ಹಿಡಿದವರು ಅವರು. ನಿಮ್ಮನ್ನು ತುಳಿಯುವ ಧರ್ಮದ ದೇವರ ಪಟಗಳನ್ನು ಹೊರಗೆ ಎಸೆಯಿರಿ ಅಂತ ದಲಿತರಿಗೆ ಹೇಳಿದವರೂ ಅವರೇ. ಆ ವರ್ಷ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ, ಕನ್ನಡದಲ್ಲಿರುವ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದುಬಿಟ್ಟರು. ಮೇಲ್ಜಾತಿಯ ವಿದ್ಯಾರ್ಥಿಗಳು ರಾಜೀನಾಮೆ ಕೇಳಿ ಬೀದಿಗಿಳಿದರು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಕುವೆಂಪು ಬಸವಲಿಂಗಪ್ಪನವರ ಮಾತಿನಲ್ಲಿ ಸತ್ಯವಿದೆ ಅಂದರೂ ಕಿವಿಗೊಟ್ಟವರು ಕಡಿಮೆ. ಕೊನೆಗೆ ಮಂತ್ರಿ ಪದವಿ ಹೋಯಿತು.

ಭಾಷೆಯ ಅಭಿಮಾನಕ್ಕಾಗಿ ಅಷ್ಟು ಜನ ಎದ್ದರು ಅಂತ ನಾವು ನಂಬಬೇಕೇ? ಮಲ ಹೊರುವುದನ್ನು ನಿಲ್ಲಿಸಿದ, ದೇವರ ಪಟವನ್ನು ಪ್ರಶ್ನಿಸಿದ ದಲಿತನೊಬ್ಬ ಮಂತ್ರಿಯಾಗಿ ಕೂತದ್ದೇ ಸಹಿಸಲಿಕ್ಕಾಗದೆ ಇತ್ತು. 'ಬೂಸಾ' ಒಂದು ನೆಪ. ಅವತ್ತು ಏಟು ತಿಂದ ಹುಡುಗರೇ ಮುಂದೆ ಊರೂರಲ್ಲಿ ದಲಿತ ಸಂಘರ್ಷ ಸಮಿತಿಗೆ ಕಾಲು, ಕೈ, ದನಿಯಾದರು.

ಆ ಕಾಲದಲ್ಲಿ ಕಾಲೇಜುಗಳಲ್ಲಿ ಚುನಾವಣೆ ಇತ್ತು. ಅದು ಸ್ವರ್ಗವಾಗಿತ್ತು ಅಂತ ನಾವು ಸುಳ್ಳು ಹೇಳುವುದಿಲ್ಲ. ನಾವು ಓದಿದ ಕಾಲೇಜಿನಲ್ಲಿ ಅಧ್ಯಕ್ಷ ಯಾರು ಅನ್ನೋದು ಕ್ಲಾಸಿನಲ್ಲಿ ತೀರ್ಮಾನವಾಗುತ್ತಿರಲಿಲ್ಲ, ಹಾಸ್ಟೆಲಿನ ಊಟದ ಮನೆಯಲ್ಲಿ ಆಗುತ್ತಿತ್ತು. ಈ ವರ್ಷ ಈ ಹಾಸ್ಟೆಲಿಗೆ, ಮುಂದಿನ ವರ್ಷ ಆ ಹಾಸ್ಟೆಲಿಗೆ ಅಂತ ಪಾಲು. ಅನ್ನದ ಋಣ ಓಟಿನಲ್ಲಿ ತೀರುತ್ತಿತ್ತು. ಸಮಾಜ ಕಲ್ಯಾಣ ಹಾಸ್ಟೆಲಿನ ನಮಗೆ ಜಂಟಿ ಕಾರ್ಯದರ್ಶಿ ಸ್ಥಾನ ಕೊಟ್ಟರೆ ದೊಡ್ಡದು. ಹೊರಗಿನ ಪಾರ್ಟಿಯವರ ದುಡ್ಡು, ಜೀಪು, ಹೊಡೆದಾಟ ಎಲ್ಲವೂ ಇದ್ದವು.

ಆದರೂ ಒಂದು ಮಾತು. ಓಟು ಕೇಳಲು ಅವರು ನಮ್ಮ ಹಾಸ್ಟೆಲಿನ ಮೆಟ್ಟಿಲು ಹತ್ತಬೇಕಾಗಿತ್ತು. ನಮ್ಮ ಚಾಪೆಯ ಮೇಲೆ ಕೂತು, ನಮ್ಮ ಲೋಟದಲ್ಲಿ ನೀರು ಕುಡಿಯಬೇಕಾಗಿತ್ತು. ಸ್ಕಾಲರ್‌ಶಿಪ್ ಯಾಕೆ ತಡ, ಅನ್ನದಲ್ಲಿ ಹುಳ ಯಾಕೆ ಅಂತ ನಾವು ಕೇಳಿದರೆ ಉತ್ತರ ಕೊಡಬೇಕಾಗಿತ್ತು. ನಮ್ಮ ಹುಡುಗನೊಬ್ಬ ಮೊದಲ ಸಲ ಮೈಕಿನ ಮುಂದೆ ನಿಂತು ನಡುಗುತ್ತಲೇ ಮಾತಾಡಿದ್ದು ಅಲ್ಲೇ.

1989-90ರ ಹೊತ್ತಿಗೆ ಹೊಡೆದಾಟದ ಕಾರಣ ಕೊಟ್ಟು ಸರ್ಕಾರ ಕಾಲೇಜು ಚುನಾವಣೆಗಳನ್ನು ನಿಲ್ಲಿಸಿತು. ಆ ಕಾಲ ಎಂಥದು ನೆನಪಿಸಿಕೊಳ್ಳಿ. 1990ರ ಆಗಸ್ಟಿನಲ್ಲಿ ಮಂಡಲ್ ವರದಿಯ ಘೋಷಣೆ. ಸೆಪ್ಟೆಂಬರಿನಲ್ಲಿ ಸೋಮನಾಥದಿಂದ ರಥಯಾತ್ರೆ. ಅಕ್ಟೋಬರಿನಲ್ಲಿ ನಮ್ಮ ರಾಮನಗರ, ಚನ್ನಪಟ್ಟಣ, ದಾವಣಗೆರೆಗಳಲ್ಲಿ ಕೋಮುಗಲಭೆ. ಹುಡುಗರನ್ನು ಧರ್ಮದ ಹೆಸರಿನಲ್ಲಿ ಕೂಡಿಸುವ ಕೆಲಸ ಹಳ್ಳಿ ಹಳ್ಳಿಗೂ ತಲುಪುತ್ತಿದ್ದ ಹೊತ್ತಿನಲ್ಲೇ, ಅವರು ಧರ್ಮ ಬಿಟ್ಟು ಬೇರೆ ಮಾತಿಗೆ ಕೂಡಬಹುದಾಗಿದ್ದ ಒಂದು ಕಟ್ಟೆ ಒಡೆದುಹೋಯಿತು. ಚುನಾವಣೆ ನಿಂತರೆ ರಾಜಕೀಯ ನಿಲ್ಲುತ್ತದೆ ಅಂದುಕೊಂಡರು. ನಿಂತದ್ದು ಲೆಕ್ಕ ಕೇಳುವ ರಾಜಕೀಯ ಮಾತ್ರ. ಬಾವುಟದ ರಾಜಕೀಯಕ್ಕೆ ಮತಪೆಟ್ಟಿಗೆ ಬೇಕಾಗಿಲ್ಲ, ಗುಂಪು ಸಾಕು.

ಇತ್ತ ಮಠಗಳು ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳ ಒಡೆಯರಾಗಿ ಬೆಳೆದವು. ವಂತಿಗೆ ಹಾವಳಿ ತಡೆಯಲು 1984ರಲ್ಲಿ ರಾಜ್ಯ ಕಾನೂನನ್ನೇ ಮಾಡಬೇಕಾಯಿತು. 2008ರ ನಂತರದ ಬಜೆಟ್ಟುಗಳಲ್ಲಿ ಮಠಗಳಿಗೆ ನೇರವಾಗಿ ಕೋಟಿಗಟ್ಟಲೆ ಹಣ ಹೋಯಿತು. ಒಂದು ಧರ್ಮವನ್ನು ಬೆಳೆಸಲೆಂದು ಯಾರಿಂದಲೂ ತೆರಿಗೆ ಕಸಿಯಬಾರದು ಅಂತ ಸಂವಿಧಾನದ 27ನೆಯ ವಿಧಿ ಹೇಳುತ್ತದೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು ಅಂತ 28ನೆಯ ವಿಧಿ ಹೇಳುತ್ತದೆ. ಈ ಎರಡು ವಿಧಿಗಳನ್ನು ಮಂತ್ರಿಗಳಿಗೆ ಓದಿ ಹೇಳುವ ಚುನಾಯಿತ ವಿದ್ಯಾರ್ಥಿ ಯಾವ ಕಾಲೇಜಿನಲ್ಲಿದ್ದ?

2006ರಲ್ಲಿ ಲಿಂಗ್ಡೋ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟು ಒಪ್ಪಿಕೊಂಡಿತು. ಕಾಲೇಜುಗಳಲ್ಲಿ ಚುನಾವಣೆ ನಡೆಯಬೇಕು, ಅಭ್ಯರ್ಥಿಯ ಖರ್ಚು 5,000 ರೂಪಾಯಿ ದಾಟಬಾರದು, ಜಾತಿ ಕೋಮು ಹೆಸರಿನಲ್ಲಿ ಓಟು ಕೇಳಬಾರದು, ಪೂಜಾಸ್ಥಳಗಳನ್ನು ಪ್ರಚಾರಕ್ಕೆ ಬಳಸಬಾರದು ಅಂತ ಅದರಲ್ಲಿದೆ. ಒಳ್ಳೆಯದೇ. ಆದರೆ ಬಾಕಿ ವಿಷಯ ಉಳಿಸಿಕೊಂಡವನು ನಿಲ್ಲುವಂತಿಲ್ಲ, ಶೇಕಡ 75 ಹಾಜರಿ ಇರಲೇಬೇಕು ಅಂತಲೂ ಇದೆ. ಕೂಲಿ ಮಾಡಿ ಓದುವ, ಇಂಗ್ಲಿಷಿನಲ್ಲಿ ಒಂದು ಸಲ ನಪಾಸಾದ ಕೇರಿಯ ಹುಡುಗ ಎಲ್ಲಿ ಹೋಗಬೇಕು?

ಚುನಾಯಿತ ದನಿ ಇಲ್ಲದ ಕಾಲೇಜಿನಲ್ಲಿ ಏನಾಗುತ್ತದೆ ಅನ್ನೋದನ್ನು 2022 ತೋರಿಸಿತು. ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬು ಹಾಕಿದ ಹುಡುಗಿಯರನ್ನು ಕ್ಲಾಸಿನಿಂದ ಹೊರಗಿಟ್ಟರು. ಫೆಬ್ರವರಿ 5ರಂದು ಬಂದ ಸರ್ಕಾರಿ ಆದೇಶ, ಪದವಿಪೂರ್ವ ಕಾಲೇಜಿನ ಸಮವಸ್ತ್ರವನ್ನು ಕಾಲೇಜು ಅಭಿವೃದ್ಧಿ ಸಮಿತಿ ತೀರ್ಮಾನಿಸಲಿ ಅಂದಿತು. ಆ ಸಮಿತಿಗೆ ಅಧ್ಯಕ್ಷ ಯಾರು? ಕ್ಷೇತ್ರದ ಶಾಸಕ. ಅಂದರೆ ವಿದ್ಯಾರ್ಥಿಗೆ ಓಟಿಲ್ಲ, ಕಾಲೇಜಿನ ಹೊರಗೆ ಓಟು ಗೆದ್ದವನಿಗೆ ಕಾಲೇಜಿನ ಒಳಗೆ ಅಧಿಕಾರ! ಕೇಸರಿ ಶಾಲುಗಳು ಬಂದವು. ಶಿವಮೊಗ್ಗದ ಕಾಲೇಜೊಂದರ ಕಂಬಕ್ಕೆ ಕೇಸರಿ ಬಾವುಟ ಏರಿತು. ಮಾರ್ಚ್ 15ರಂದು ಹೈಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ಅಷ್ಟರಲ್ಲಿ ಪರೀಕ್ಷೆಗಳು ಮುಗಿದಿದ್ದವು.

ಆ ದಿನಗಳಲ್ಲೇ ಚಿಕ್ಕಮಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕೆಲವು ದಲಿತ ಹುಡುಗರು ನೀಲಿ ಶಾಲು ಹೊದ್ದು, ಜೈ ಭೀಮ್ ಅನ್ನುತ್ತಾ ಆ ಹುಡುಗಿಯರ ಪರವಾಗಿ ನಿಂತರು. ಅವರು ಯಾರೂ ಹಿಜಾಬು ಧರಿಸುವವರಲ್ಲ. ಬಾಗಿಲಿನ ಹೊರಗೆ ನಿಲ್ಲೋದು ಅಂದರೆ ಏನು ಅಂತ ಗೊತ್ತಿದ್ದವರು, ಅಷ್ಟೆ.

ಬಾಬಾಸಾಹೇಬರು ನಮಗೆ ಕಲಿಸಿದ ಒಂದು ಭೇದವಿದೆ. ಮತೀಯ ಬಹುಮತ ಹುಟ್ಟಿನಿಂದ ಬರುವಂಥದು, ಅದು ಬದಲಾಗುವುದಿಲ್ಲ. ರಾಜಕೀಯ ಬಹುಮತ ಕಟ್ಟಬೇಕಾದದ್ದು, ಒಡೆದು ಮತ್ತೆ ಕಟ್ಟಬಹುದಾದದ್ದು. ಬೂಸಾ ಗಲಾಟೆಯಲ್ಲಿ ನಮ್ಮನ್ನು ಹೊಡೆದದ್ದು ಮೊದಲನೆಯ ಬಹುಮತ. ಚಿಕ್ಕಮಗಳೂರಿನಲ್ಲಿ ಕಣ್ಣಿಗೆ ಬಿದ್ದದ್ದು ಎರಡನೆಯದರ ಮೊಳಕೆ. ಮೊದಲನೆಯದಕ್ಕೆ ಚುನಾವಣೆಯೇ ಬೇಡ, ಅದು ಹುಟ್ಟುತ್ತಲೇ ಗೆದ್ದಿರುತ್ತದೆ. ಚುನಾವಣೆ ಬೇಕಾಗಿರೋದು ನಮಗೆ.

ಚುನಾವಣೆ ಮರಳಿ ಬರಲಿ ಅನ್ನೋ ಮಾತು ಆಗಾಗ ಏಳುತ್ತದೆ. ಬರಲಿ. ಬರಿದೆ ಬಂದರೆ ಹಳೆಯ ಹಾಸ್ಟೆಲುಗಳ ಪಾಲುಪಟ್ಟಿಯೇ ಮತ್ತೆ ಬರುತ್ತದೆ. ಪದಾಧಿಕಾರಿ ಸ್ಥಾನಗಳಲ್ಲಿ ದಲಿತರಿಗೆ, ಹೆಣ್ಣುಮಕ್ಕಳಿಗೆ, ಅಲ್ಪಸಂಖ್ಯಾತರಿಗೆ ಮೀಸಲು ಬೇಕು. ನಪಾಸಾದವನಿಗೂ ನಿಲ್ಲುವ ಹಕ್ಕು ಬೇಕು. ಅಭಿವೃದ್ಧಿ ಸಮಿತಿಯ ಕುರ್ಚಿಯಿಂದ ಶಾಸಕ ಏಳಬೇಕು, ಅಲ್ಲಿ ಗೆದ್ದ ವಿದ್ಯಾರ್ಥಿ ಕೂರಬೇಕು.

ಹಳ್ಳಿಯ ಮೇಷ್ಟ್ರುಗಳೇ, ಇದಕ್ಕೆ ನೀವು ಸರ್ಕಾರದ ಆದೇಶಕ್ಕೆ ಕಾಯಬೇಕಾಗಿಲ್ಲ. ನಿಮ್ಮ ತರಗತಿಯ ನಾಯಕನನ್ನು ನೀವೇ ಹೆಸರಿಸೋದು ಬಿಡಿ. ಚೀಟಿ ಕೊಡಿ, ಮಕ್ಕಳೇ ಬರೆಯಲಿ. ಹಿಂದಿನ ಬೆಂಚಿನ ಹುಡುಗಿಯ ಚೀಟಿಯೂ ಗೌಡರ ಮಗನ ಚೀಟಿಯೂ ಒಂದೇ ಡಬ್ಬಿಯಲ್ಲಿ ಬೀಳಲಿ. ಎಣಿಸುವಾಗ ಯಾವುದು ಯಾರದು ಅಂತ ಗೊತ್ತಾಗಬಾರದು. ನಮ್ಮ ಮಕ್ಕಳು ಮೊದಲು ಕಲಿಯಬೇಕಾದ 'ಮತ' ಇದು.