ಮಗುವಿನ ಹೆಸರಿನ ಕ್ರಯಪತ್ರ

ಹೊರನಾಡಿನಲ್ಲಿ ನೆಲೆಸಿ, ಬ್ಯಾಂಕಿನ ಸಾಲ ಮಾಡಿ ಒಂದು ಮನೆ ಕೊಂಡ ನಮಗೆ ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚು ಹೊಸತಲ್ಲ. ಮುಂಬಯಿಯಲ್ಲಾಗಲಿ ಚೆನ್ನೈಯಲ್ಲಾಗಲಿ ಅಲ್ಲಿ ಕೇಳುವ ಕಾಗದಗಳು ಹತ್ತಾರು. ಆದರೆ ಫ್ಲ್ಯಾಟು ಕೊಳ್ಳುವವರನ್ನು ‘ನೀವು ಈ ಸೀಮೆಯವರೇ?’ ಎಂದು ಕೇಳುವ ಕಲಮು ಯಾವ ನಮೂನೆಯಲ್ಲೂ ಇಲ್ಲ. ದೇಶದ ಯಾವ ಭಾಗದಲ್ಲಾದರೂ ವಾಸಿಸಿ ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ನಮಗೆ ಕೊಟ್ಟಿದೆ. ಹಿಮಾಚಲದಂತಹ ಕೆಲವು ರಾಜ್ಯಗಳ ಕೃಷಿಭೂಮಿಯ ಮಾತು ಬೇರೆ. ದೇಶದ ಗಡಿ ದಾಟಿದೊಡನೆ ಮಾತ್ರ ನಮ್ಮ ಕಾಗದಗಳಲ್ಲಿಲ್ಲದ ಆ ಪ್ರಶ್ನೆಯೇ ಮೊದಲನೆಯದಾಗುತ್ತದೆ. ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಬೇರೆ ದೇಶದವನು ಎಂಬ ಅರ್ಥವೂ ಇದೆ, ದಿಕ್ಕಿಲ್ಲದವನು ಎಂಬ ಅರ್ಥವೂ ಇದೆ. ಭೂಮಿಯ ಕಾನೂನಿನ ಚರಿತ್ರೆಯನ್ನು ಓದುವಾಗ ಈ ಎರಡು ಅರ್ಥಗಳು ಹೇಗೆ ಒಂದಾದವು ಎಂಬುದು ತಿಳಿಯುತ್ತಾ ಹೋಗುತ್ತದೆ.

ಇಂಗ್ಲೆಂಡಿನಲ್ಲಿ ಬಹುಕಾಲ ಪರದೇಶಿಗೆ ಭೂಮಿಯ ಒಡೆತನವೇ ಇರಲಿಲ್ಲ. ಆತ ಹಣ ಕೊಟ್ಟು ನೆಲ ಕೊಂಡರೂ ವಿಚಾರಣೆ ನಡೆಸಿ ಅದನ್ನು ವಶಪಡಿಸಿಕೊಳ್ಳುವ ಅಧಿಕಾರ ದೊರೆಗಿತ್ತು. ನೆಲದ ಒಡೆತನದ ಹಿಂದೆ ದೊರೆಗೆ ಸಲ್ಲಬೇಕಾದ ನಿಷ್ಠೆ ಇದೆ, ಬೇರೊಬ್ಬ ದೊರೆಯ ಪ್ರಜೆಯಿಂದ ಅದು ಸಲ್ಲಲಾರದು ಎಂಬುದು ಇದಕ್ಕೆ ಆಧಾರವಾದ ನಂಬಿಕೆ. 1844ರ ಕಾಯಿದೆ ವಾಸಕ್ಕೂ ವ್ಯಾಪಾರಕ್ಕೂ 21 ವರ್ಷಗಳವರೆಗಿನ ಗುತ್ತಿಗೆಯನ್ನು ಸಾಧ್ಯವಾಗಿಸಿತು. 1870ರ ಕಾಯಿದೆ ಉಳಿದ ಬಾಗಿಲನ್ನೂ ತೆರೆಯಿತು. ಬ್ರಿಟಿಷ್ ಹಡಗಿನ ಒಡೆತನವನ್ನು ಮಾತ್ರ ಪರದೇಶಿಗೆ ಕೊಡಲಿಲ್ಲ. ಆ ದೇಶದ ಗಮನ ಆಗಲೇ ನೆಲದಿಂದ ನೀರಿನ ಕಡೆಗೆ ತಿರುಗಿತ್ತು ಎಂದು ಇದರಿಂದ ಊಹಿಸಬಹುದೇನೋ. ಈ ಹಳೆಯ ಇಂಗ್ಲಿಷ್ ನಿಯಮ ಕಠಿಣವಾಗಿತ್ತು, ಆದರೆ ಫ್ರೆಂಚನಿಗೂ ಜರ್ಮನನಿಗೂ ತುರ್ಕನಿಗೂ ಒಂದೇ ಆಗಿತ್ತು.

ಕ್ಯಾಲಿಫೋರ್ನಿಯಾದ 1913ರ ಭೂಕಾಯಿದೆಯ ಗುಣವೇ ಬೇರೆ. ಜಪಾನಿನಿಂದ ಬಂದ ರೈತರು ಅಲ್ಲಿ ತರಕಾರಿ, ಸ್ಟ್ರಾಬೆರಿ ಬೆಳೆದು ಹಣ ಕೂಡಿಸಿ ಹೊಲ ಕೊಳ್ಳತೊಡಗಿದ್ದರು. ಅವರನ್ನು ತಡೆಯಬೇಕೆಂಬ ಕೂಗು ವರ್ಷಗಳಿಂದ ಇತ್ತು. ಆದರೆ 1905ರಲ್ಲಿ ರಷ್ಯಾವನ್ನು ಸೋಲಿಸಿದ ಜಪಾನನ್ನು ಹೆಸರೆತ್ತಿ ಕೆಣಕುವುದು ವಾಷಿಂಗ್ಟನ್ನಿಗೆ ಬೇಡವಾಗಿತ್ತು. ವಿದೇಶಾಂಗ ಕಾರ್ಯದರ್ಶಿ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಸ್ವತಃ ಸ್ಯಾಕ್ರಮೆಂಟೊಗೆ ಹೋಗಿ ಶಾಸಕರಲ್ಲಿ ತಾಳ್ಮೆಯ ಮಾತಾಡಿದರು. ಅದು ನಡೆಯಲಿಲ್ಲ; ಮೇ ತಿಂಗಳಲ್ಲಿ ಗವರ್ನರ್ ಹೈರಮ್ ಜಾನ್ಸನ್ ಸಹಿ ಹಾಕಿದರು. ಕಾಯಿದೆಯನ್ನು ಎಷ್ಟು ಸಲ ಓದಿದರೂ ಜಪಾನ್ ಎಂಬ ಪದ ಸಿಗದು. ‘ಪೌರತ್ವಕ್ಕೆ ಅನರ್ಹರಾದ ಪರದೇಶೀಯರು’ ಕೃಷಿಭೂಮಿಯನ್ನು ಕೊಳ್ಳುವಂತಿಲ್ಲ, ಮೂರು ವರ್ಷ ಮೀರಿ ಗುತ್ತಿಗೆಗೆ ಪಡೆಯುವಂತಿಲ್ಲ ಎಂಬುದಷ್ಟೇ ಅದರ ತಿರುಳು. ಯಾರು ಅನರ್ಹರು ಎಂಬುದು ಬೇರೊಂದು ಕಾನೂನಿನಲ್ಲಿತ್ತು. 1790ರ ಪೌರತ್ವ ಕಾಯಿದೆ ‘ಸ್ವತಂತ್ರ ಬಿಳಿಯ’ರಿಗೆ ಮಾತ್ರ ಪೌರತ್ವ ಕೊಟ್ಟಿತ್ತು, 1870ರಲ್ಲಿ ಆಫ್ರಿಕಾ ಮೂಲದವರು ಸೇರಿದರು, ಏಷ್ಯಾದವರು ಎರಡರಲ್ಲೂ ಬರಲಿಲ್ಲ. ಕಡತಗಳ ನಡುವೆ ಬಾಳುವ ನಮ್ಮಂಥವರಿಗೆ ಈ ವಿದ್ಯೆ ಅಪರಿಚಿತವಲ್ಲ. ಒಂದು ಸುತ್ತೋಲೆ ಯಾರ ಹೆಸರನ್ನೂ ಹೇಳದೆ ಇನ್ನೊಂದು ಸುತ್ತೋಲೆಯ ಕಡೆಗೆ ಬೆರಳು ತೋರಿಸುತ್ತದೆ. ಕೆಲಸ ಅಲ್ಲಿ ಆಗುತ್ತದೆ, ಇಲ್ಲಿ ಕೈ ಶುಭ್ರವಾಗಿರುತ್ತದೆ.

ರಿವರ್‌ಸೈಡ್ ಊರಿನಲ್ಲಿ ಜುಕಿಚಿ ಹರಾಡ ಎಂಬ ಜಪಾನೀಯ ಉಪಾಹಾರಗೃಹ ನಡೆಸುತ್ತಿದ್ದ. ಬಾಡಿಗೆಯ ಇಕ್ಕಟ್ಟಿನ ಬಿಡಾರದಲ್ಲಿ ಅವನ ಪುಟ್ಟ ಮಗನೊಬ್ಬ ಗಂಟಲುಮಾರಿಯಿಂದ ತೀರಿಕೊಂಡಿದ್ದ. ಗಾಳಿ ಬೆಳಕು ಇರುವ, ಶಾಲೆಗೂ ಹತ್ತಿರವಾದ ಮನೆ ಬೇಕೆಂದು 1915ರ ಕೊನೆಯಲ್ಲಿ ಲೆಮನ್ ಸ್ಟ್ರೀಟಿನಲ್ಲಿ ಒಂದು ಸಣ್ಣ ಮನೆಯನ್ನು ಕೊಂಡ. ಕ್ರಯಪತ್ರದಲ್ಲಿ ಬರೆಸಿದ್ದು ಮಿನೆ, ಸುಮಿ, ಯೋಶಿಜೊ ಎಂಬ ಮೂವರು ಮಕ್ಕಳ ಹೆಸರು. ಅವರು ಅಮೆರಿಕದಲ್ಲಿ ಹುಟ್ಟಿದವರು; ಹುಟ್ಟಿನಿಂದಲೇ ಪೌರರು. ನೆರೆಹೊರೆಯವರು ಸಮಿತಿ ಕಟ್ಟಿಕೊಂಡು ಬಂದರು, ಕೊಟ್ಟದ್ದಕ್ಕಿಂತ ಹೆಚ್ಚು ಹಣ ಕೊಡುತ್ತೇವೆ, ಬಿಟ್ಟುಹೋಗು ಎಂದರು. ಹರಾಡ ಒಪ್ಪಲಿಲ್ಲ. ರಾಜ್ಯವೇ ದಾವೆ ಹೂಡಿತು. 1918ರಲ್ಲಿ ನ್ಯಾಯಾಧೀಶ ಹ್ಯೂ ಕ್ರೇಗ್, ಮಕ್ಕಳು ಅಮೆರಿಕದ ಪೌರರು, ಅವರ ಆಸ್ತಿಯನ್ನು ಕಸಿಯಲಾಗದು ಎಂದು ತೀರ್ಪಿತ್ತರು. ಕಾಯಿದೆ ಮಾತ್ರ ಹಾಗೆಯೇ ಉಳಿಯಿತು. ಅಂದರೆ ಆ ಮನೆಯಲ್ಲಿ ಮಕ್ಕಳು ಒಡೆಯರು. ದುಡಿದು ಹಣ ತಂದ ತಂದೆತಾಯಿ ಕಾಗದದ ಮಟ್ಟಿಗೆ ಅತಿಥಿಗಳು.

1942ರಲ್ಲಿ, ಯುದ್ಧದ ನೆಪದಲ್ಲಿ, ಪೌರರೆನಿಸಿದ ಮಕ್ಕಳೂ ಸೇರಿದಂತೆ ಇಡೀ ಕುಟುಂಬವನ್ನು ಮನೆಯಿಂದ ಎಬ್ಬಿಸಿ ಶಿಬಿರಕ್ಕೆ ಸಾಗಿಸಿದರು. ಹೊರಡುವ ದಿನ ಕಿರಿಯ ಮಗನೊಬ್ಬ ಮಹಡಿಯ ಕೋಣೆಯ ಗೋಡೆಯ ಮೇಲೆ ಆ ದಿನಾಂಕವನ್ನು ಬರೆದಿಟ್ಟ. ಹರಾಡ ಮತ್ತು ಅವನ ಹೆಂಡತಿ ಕೆನ್ ಇಬ್ಬರೂ ಯೂಟಾದ ಟೋಪಾಜ್ ಶಿಬಿರದಲ್ಲಿ ಸತ್ತರು. ಅಷ್ಟು ದಿನ ಮನೆಯನ್ನು ನೋಡಿಕೊಂಡವನು ಜೆಸ್ ಸ್ಟೆಬ್ಲರ್ ಎಂಬ ಬಿಳಿಯ ಗೆಳೆಯ. ಯುದ್ಧ ಮುಗಿದ ಮೇಲೆ ಮಗಳು ಸುಮಿ ಹಿಂದಿರುಗಿ ದಶಕಗಳ ಕಾಲ ಅಲ್ಲೇ ಬಾಳಿದಳು. ಈಗ ಅದು ರಾಷ್ಟ್ರೀಯ ಸ್ಮಾರಕ.

ಭಾರತೀಯರ ಕಥೆ ಇದಕ್ಕೆ ಹೊಂದಿಕೊಂಡೇ ಇದೆ. ಪಂಜಾಬಿನಿಂದ ಹೋದ ರೈತರು ಇಂಪೀರಿಯಲ್ ಕಣಿವೆಯ ಮರಳುನೆಲಕ್ಕೆ ಕಾಲುವೆಯ ನೀರು ಬಂದಾಗ ಹತ್ತಿ ಬೆಳೆಯತೊಡಗಿದ್ದರು. ತಾವು ‘ಬಿಳಿಯ’ರೋ ಅಲ್ಲವೋ ಎಂಬುದು ಅವರ ವಿಷಯದಲ್ಲಿ ನಿಶ್ಚಯವಾಗಿರಲಿಲ್ಲ, ಕೆಲವು ನ್ಯಾಯಾಲಯಗಳು ಪೌರತ್ವ ಕೊಟ್ಟಿದ್ದವು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1922ರ ನವೆಂಬರಿನಲ್ಲಿ ಅದೇ ನ್ಯಾಯಾಲಯ, ಬಿಳಿಯನೆಂದರೆ ಕಕೇಶಿಯನ್, ಜಪಾನೀಯನು ಕಕೇಶಿಯನ್ ಅಲ್ಲ ಎಂದು ಒಜಾವ ಎಂಬವರ ಅರ್ಜಿಯನ್ನು ತಳ್ಳಿಹಾಕಿತ್ತು. ಥಿಂಡ್ ಆ ಸೂತ್ರವನ್ನೇ ಹಿಡಿದರು: ಶಾಸ್ತ್ರಜ್ಞರ ವರ್ಗೀಕರಣದಂತೆ ತಾನು ಕಕೇಶಿಯನ್. ಮೂರು ತಿಂಗಳ ಬಳಿಕ, 1923ರ ಫೆಬ್ರವರಿಯಲ್ಲಿ ತೀರ್ಪು ಬಂತು: ಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ಈತ ಬಿಳಿಯನಲ್ಲ. ಎರಡೂ ತೀರ್ಪುಗಳನ್ನು ಬರೆದವರು ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್. ಅವರು ಹುಟ್ಟಿದ್ದು ಇಂಗ್ಲೆಂಡಿನಲ್ಲಿ.

ಆ ತೀರ್ಪಿನೊಡನೆ ಭೂಕಾಯಿದೆಯ ಬಲೆ ನಮ್ಮವರ ಮೇಲೂ ಬಿತ್ತು. ಕೊಟ್ಟಿದ್ದ ಪೌರತ್ವಗಳನ್ನೂ ಸರ್ಕಾರ ರದ್ದುಪಡಿಸುತ್ತಾ ಹೋಯಿತು. ಪೇಶಾವರದಿಂದ ಹೆಂಡತಿ ಕಲಾ ಮತ್ತು ಮೂವರು ಗಂಡುಮಕ್ಕಳೊಡನೆ 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದಿಳಿದಿದ್ದ ವೈಷ್ಣೋ ದಾಸ್ ಬಗಾಯಿ ಪೌರತ್ವ ಕಳೆದುಕೊಂಡರು, ಅದರೊಂದಿಗೆ ಆಸ್ತಿಯನ್ನೂ. ಹಿಂದೊಮ್ಮೆ ಬರ್ಕ್ಲಿಯಲ್ಲಿ ಮನೆ ಕೊಂಡು ಸಾಮಾನು ಸಾಗಿಸಿದ ದಿನ, ಅವರು ಒಳಗೆ ಕಾಲಿಡದಂತೆ ನೆರೆಯವರು ಬೀಗ ಜಡಿದಿದ್ದರು. 1928ರಲ್ಲಿ ಬಗಾಯಿ ಆತ್ಮಹತ್ಯೆ ಮಾಡಿಕೊಂಡರು. ತಮ್ಮ ದುಃಖದ ಕಾರಣವನ್ನು ಅಲ್ಲಿಯ ಪತ್ರಿಕೆಗೆ ಬರೆದಿಟ್ಟೇ ಹೋದರು. ಕಲಾ ಬಗಾಯಿ ಮಕ್ಕಳನ್ನು ಬೆಳೆಸಿ ಬಹುಕಾಲ ಬಾಳಿದರು. ಬರ್ಕ್ಲಿ ನಗರ ಈಚೆಗೆ ಒಂದು ರಸ್ತೆಗೆ ಆ ತಾಯಿಯ ಹೆಸರಿಟ್ಟಿದೆ.

ಇಂಪೀರಿಯಲ್ ಕಣಿವೆಯ ರೈತರು ಬದುಕಿದ್ದು ಇತರರ ಹೆಸರಿನಲ್ಲಿ. ಪರಿಚಯದ ಬಿಳಿಯ ಬ್ಯಾಂಕರು, ವಕೀಲ, ಅಂಗಡಿಯವನು, ಇಂಥವರ ಹೆಸರಿನಲ್ಲಿ ನೆಲ; ಉಳುವವನು ಪಂಜಾಬಿ. ಬಹಳ ಮಂದಿ ಮೆಕ್ಸಿಕನ್ ಹೆಂಗಸರನ್ನು ಮದುವೆಯಾದರು. ಮಕ್ಕಳಾದ ಮೇಲೆ ಹರಾಡನ ದಾರಿಯೇ ಇವರ ದಾರಿಯೂ ಆಯಿತು. ಸರ್ಕಾರಿ ನೌಕರರಾದ ನಮಗೆ ‘ಬೇನಾಮಿ’ ಎಂಬ ಪದ ಕೇಳಿದರೆ ಕಿವಿ ನೆಟ್ಟಗಾಗುತ್ತದೆ; ಕಳ್ಳಹಣದವರ ಉಪಾಯವೆಂದೇ ಅದನ್ನು ಬಲ್ಲೆವು. ಬೆವರಿನ ಹಣಕ್ಕೂ ಬೇನಾಮಿಯೊಂದೇ ಆಸರೆಯಾದ ಕಾಲವಿತ್ತು ಎಂಬುದು ನಮ್ಮ ನಡತೆ ನಿಯಮಾವಳಿಗೆ ಹೊಳೆಯದ ಸಂಗತಿ. ಬರ್ಕ್ಲಿಯಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದ ದಲೀಪ್ ಸಿಂಗ್ ಸೌಂಡ್ ಕೂಡ ಈ ಕಣಿವೆಯಲ್ಲಿ ಲೆಟ್ಯೂಸ್ ಬೆಳೆಯುತ್ತಿದ್ದರು, ಸ್ವಂತ ಹೆಸರಿನಲ್ಲಿ ನೆಲ ಕೊಳ್ಳುವ ಹಕ್ಕಿಲ್ಲದೆ.

ಬಿಡುಗಡೆ ತುಂಡುತುಂಡಾಗಿ ಬಂತು. 1946ರಲ್ಲಿ ಭಾರತೀಯರಿಗೆ ಪೌರತ್ವದ ಅರ್ಹತೆ ದೊರೆಯಿತು. 1948ರಲ್ಲಿ ಸುಪ್ರೀಂ ಕೋರ್ಟು ಓಯಾಮ ಕುಟುಂಬದ ಪರ ನಿಂತಿತು. ಆರು ವರ್ಷದ ಮಗ ಫ್ರೆಡ್‌ನ ಹೆಸರಿನಲ್ಲಿ ತಂದೆ 1934ರಲ್ಲಿ ಕೊಂಡ ಆರು ಎಕರೆಯನ್ನು, ಅವರು ಊರಿನಿಂದ ಹೊರದಬ್ಬಲ್ಪಟ್ಟಿದ್ದಾಗಲೇ ರಾಜ್ಯ ಮುಟ್ಟುಗೋಲಿಗೆ ಎಳೆದಿತ್ತು. 1952ರಲ್ಲಿ ಸೆಯ್ ಫುಜಿಯ್ ಎಂಬವರ ಮೊಕದ್ದಮೆಯಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಇಡೀ ಕಾಯಿದೆಯನ್ನೇ ಅಸಿಂಧುಗೊಳಿಸಿತು. ಕೊನೆಗೆ 1956ರ ನವೆಂಬರ್ 6ರ ಮತದಾನದಲ್ಲಿ ಜನರೇ ಅದನ್ನು ಶಾಸನಪುಸ್ತಕದಿಂದ ತೆಗೆದುಹಾಕಿದರು. ಅದೇ ದಿನ, ಅದೇ ಕಣಿವೆಯನ್ನು ಒಳಗೊಂಡ ಕ್ಷೇತ್ರದ ಮತದಾರರು ಸೌಂಡ್ ಅವರನ್ನು ಅಮೆರಿಕದ ಕಾಂಗ್ರೆಸ್ಸಿಗೆ ಆರಿಸಿ ಕಳಿಸಿದರು. ಕನ್ನಡ ನಾಡು ಒಂದಾಗಿ ಆಗ ಐದೇ ದಿನಗಳಾಗಿದ್ದವು. ನಮ್ಮ ಹಿರಿಯರ ಗಮನ ಅತ್ತ ಹೋಗದಿದ್ದರೆ ತಪ್ಪೆನ್ನಲಾಗದು.

ವಿಷಯ ಅಲ್ಲಿಗೇ ನಿಂತಿಲ್ಲ. ಫ್ಲಾರಿಡಾ ತನ್ನ ಸಂವಿಧಾನದಲ್ಲಿದ್ದ ಇಂಥದೇ ಹಳೆಯ ಮಾತನ್ನು 2018ರಲ್ಲಿ ಅಳಿಸಿ, 2023ರಲ್ಲಿ ಚೀನೀ ಪ್ರಜೆಗಳ ಭೂಖರೀದಿಗೆ ಹೊಸ ಕಟ್ಟು ಹಾಕಿತು. ನಮ್ಮ ದೇಶದಲ್ಲೂ ಹೊರಗೆ ವಾಸಿಸುವ, ಭಾರತೀಯ ಮೂಲದವನಲ್ಲದ ವಿದೇಶಿಗೆ ಐದು ವರ್ಷ ಮೀರದ ಗುತ್ತಿಗೆಯುಂಟು, ಸಾಮಾನ್ಯವಾಗಿ ಕ್ರಯವಿಲ್ಲ. ಇದನ್ನು 1913ರ ಕಾಯಿದೆಯೊಂದಿಗೆ ಸಮೀಕರಿಸುವುದು ನ್ಯಾಯವಲ್ಲ. ಇಲ್ಲಿ ಮೈಬಣ್ಣದ ಲೆಕ್ಕವಿಲ್ಲ, ಇರುವ ಆತಂಕ ನೆಲದ ಬೆಲೆಯದು, ಗಡಿಯದು. ಆದರೆ ಆ ರೇಖೆ ನಮ್ಮ ಮನೆಗಳ ನಡುವೆಯೂ ಹಾದುಹೋಗಿದೆ. ಅಮೆರಿಕದ ಪೌರನಾದ ಮಗ ಒಸಿಐ ಕಾರ್ಡು ಹಿಡಿದು ಬೆಂಗಳೂರಿನಲ್ಲಿ ಫ್ಲ್ಯಾಟು ಕೊಳ್ಳಬಹುದು. ತೀರ್ಥಹಳ್ಳಿಯ ಕಡೆಯ ಅಪ್ಪನ ಅಡಿಕೆ ತೋಟ ವಾರಸಿನಿಂದ ಅವನಿಗೆ ಬರಬಹುದು. ಅದಕ್ಕೆ ಹೊಂದಿಕೊಂಡ ಹತ್ತು ಗುಂಟೆಯನ್ನು ಕೊಳ್ಳಲು ಮಾತ್ರ ಬರುವುದಿಲ್ಲ. ತೋಟವನ್ನು ಮಾರುವುದಾದರೆ ಇಲ್ಲಿಯೇ ವಾಸಿಸುವ ಭಾರತದ ಪೌರನಿಗೇ ಮಾರಬೇಕು.